ನೀಲಿ ದೀಪದ ಡಬ್ಬಿ ಮತ್ತು ಒಂದು ಲೀಟರ್ ಬಾಟ್ಲಿ

ಪಿಕಪ್ಪಿಗೆ ಚಿಪ್ ಹಾಕಿಸಿ ದುಬಾರಿ ಡೀಸೆಲ್ ತುಂಬಿಸಿದರೆ ಅದರ ಖರ್ಚು ಹುಟ್ಟುತ್ತದೋ ಇಲ್ಲವೋ ಎಂದು ವಾರಕ್ಕೊಬ್ಬನಾದರೂ ನನ್ನನ್ನು ಕೇಳುತ್ತಾನೆ. ಅಂಗಡಿ ಬಿಟ್ಟು ಮೂರು ವರ್ಷವಾಯಿತು ಮಾರಾಯ ಅಂದರೂ ಬಿಡುವುದಿಲ್ಲ. ಮಸೀದಿಯಿಂದ ಹೊರಗೆ ಬರುವಾಗ ಕೇಳಿದ್ದಾರೆ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗ ಕೇಳಿದ್ದಾರೆ. ಒಮ್ಮೆ ಹಲ್ಲು ಕೀಳಿಸಲು ಹೋದಾಗ, ಬಾಯೊಳಗೆ ಇಕ್ಕಳ ಇಟ್ಟುಕೊಂಡೇ ಡಾಕ್ಟರು ಕೇಳಿದರು. ಅವರ ಹತ್ತಿರ ಪಿಕಪ್ ಇಲ್ಲ, ಅವರ ಭಾವನ ಹತ್ತಿರ ಇದೆಯಂತೆ. ನಾನು ಆಂ ಊಂ ಎಂದದ್ದನ್ನು ಅವರು ಹೌದು ಎಂದು ತಿಳಿದುಕೊಂಡಿದ್ದರೆ ಆ ಭಾವನ ಪಾಪ ನನ್ನ ತಲೆಗಲ್ಲ.

ಉತ್ತರವೇನೋ ಸಣ್ಣದೇ. ಆದರೆ ಅದನ್ನು ತಿಳಿಯಲು ನನಗೆ ನಲವತ್ತೊಂದು ವರ್ಷ ಹಿಡಿಯಿತು, ತಿಳಿಯುವ ಹೊತ್ತಿಗೆ ನಾನು ಸಂಪಾದಿಸಿದ್ದ ಹೆಸರೂ ಅಲ್ಲಾಡಿಹೋಯಿತು. ಈ ಕೆಲಸಕ್ಕೆ ಹೊಸದಾಗಿ ಬರುವವರು ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಬರುತ್ತಾರೆ. ಒಳ್ಳೆಯದೇ. ಅದರಲ್ಲಿ ಕಾಣದ ಒಂದು ಸಂಗತಿ ಇದೆ, ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ನಾನು ಶಿರಸಿಯಲ್ಲಿ ಡೀಸೆಲ್ ಪಂಪ್ ಮೇಸ್ತ್ರಿಯಾಗಿದ್ದವನು. ಇಮಾಮ್ ಎಂಬ ಹೆಸರು ರೇಷನ್ ಕಾರ್ಡಿನಲ್ಲಿದೆ, ಊರಿಗೆಲ್ಲ ಪಂಪ್ ಮೇಸ್ತ್ರಿ. ಪಂಪ್ ಅಂದರೆ ನೀರೆತ್ತುವ ಪಂಪಲ್ಲ, ಲಾರಿ ಜೀಪುಗಳ ಎಂಜಿನ್ನಿಗೆ ಡೀಸೆಲ್ಲನ್ನು ಅಳೆದು ಚಿಮ್ಮಿಸುವ ಪಂಪ್. ಇಡೀ ಎಂಜಿನ್ ಬಿಚ್ಚುವ ಮೆಕ್ಯಾನಿಕ್ಕುಗಳು ಮೈಯೆಲ್ಲ ಎಣ್ಣೆ ಮಾಡಿಕೊಂಡು ವಾಹನದ ಅಡಿಗೆ ಮಲಗಿರುತ್ತಿದ್ದರು. ನಾವು ಪಂಪಿನವರು ಸ್ಟೂಲಿನ ಮೇಲೆ ಕೂತು, ಗಾಜಿನ ಕೊಳವೆಗಳಲ್ಲಿ ಡೀಸೆಲ್ ಏರುವುದನ್ನು ಕಣ್ಣು ಕಿರಿದು ಮಾಡಿ ನೋಡುತ್ತ, ಅಕ್ಕಸಾಲಿಗರ ಗತ್ತಿನಲ್ಲಿ ಇರುತ್ತಿದ್ದೆವು. ಆ ಗತ್ತು ಬಹಳ ರುಚಿ.

ನನಗೆ ಕಲಿಸಿದವರು ಹುಬ್ಬಳ್ಳಿ ಕಡೆಯ ಒಬ್ಬ ಉಸ್ತಾದರು. ಬಾಯಲ್ಲಿ ಯಾವಾಗಲೂ ಎಲೆ ಅಡಿಕೆ, ಹಾಗಾಗಿ ಅವರ ಬೈಗುಳವೆಲ್ಲ ಕೆಂಪಾಗಿಯೇ ಬರುತ್ತಿತ್ತು. ನಾಲ್ಕು ಪಂಪ್ ಸರಿಯಾಗಿ ಮಾಡಿದರೂ ಹೊಗಳಿದವರಲ್ಲ. ಐದನೆಯದು ಕೆಟ್ಟರೆ, ‘ನಿಮ್ಮಪ್ಪಗ ಹೇಳಿ ನಿನ್ನ ಹೊಲಿಗಿ ಮಷೀನಿಗೆ ಹಚ್ಚಸ್ತೀನಿ’ ಅನ್ನುತ್ತಿದ್ದರು. ನಮ್ಮಪ್ಪ ದರ್ಜಿ, ಅವರಿಗೇನೂ ಬೇಜಾರಿರಲಿಲ್ಲ.

ಪಂಪ್ ರಿಪೇರಿಯಾದ ಮೇಲೆ ಉಸ್ತಾದರು ಬಾಟ್ಲಿ ಕಟ್ಟುತ್ತಿದ್ದರು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಬಾಟ್ಲಿಗೆ ಸರಿಯಾಗಿ ಒಂದು ಲೀಟರ್ ಡೀಸೆಲ್ ತುಂಬಿ, ಲಾರಿಯ ಹೊರಗನ್ನಡಿಯ ಸರಳಿಗೆ ತೂಗುಹಾಕಿ, ಟ್ಯಾಂಕಿನ ಪೈಪು ತೆಗೆದು ಬಾಟ್ಲಿಯ ಪೈಪನ್ನು ಪಂಪಿಗೆ ಕೊಡುವುದು. ಗಾಡಿ ಯಲ್ಲಾಪುರ ರಸ್ತೆ ಹಿಡಿದು ಹೊರಡುತ್ತಿತ್ತು. ಎಲ್ಲಿ ಕೆಮ್ಮಿ ನಿಲ್ಲುತ್ತದೋ ಅಲ್ಲಿಯ ಕಿಲೋಮೀಟರ್ ಕಲ್ಲು ನೋಡಿ ಬರುವುದು. ಲೀಟರಿಗೆ ಎಷ್ಟು ಓಡಿತು ಎಂಬುದಕ್ಕೆ ಅದೇ ಸಾಕ್ಷಿ. ‘ಬಾಟ್ಲಿ ಸುಳ್ಳ ಹೇಳಂಗಿಲ್ಲ’ ಎಂದು ಉಸ್ತಾದರು ಗಿರಾಕಿಯ ಮುಂದೆ ಘೋಷಿಸುತ್ತಿದ್ದರು.

ಒಂದೇ ಒಂದು ವಿಷಯ ನನಗೆ ಅರ್ಥವಾಗಿರಲಿಲ್ಲ. ಹೆಚ್ಚಿನ ಗಾಡಿಗಳಲ್ಲಿ ಪಂಪ್ ಇರುವುದು ಎಂಜಿನ್ನಿನ ಎಡಮಗ್ಗುಲಿಗೆ. ಬಾಟ್ಲಿಯನ್ನು ಎಡಗನ್ನಡಿಗೆ ಕಟ್ಟಿದರೆ ಒಂದು ಮೊಳ ಪೈಪು ಸಾಕು. ಉಸ್ತಾದರು ಮಾತ್ರ ಹಟ ಹಿಡಿದು ಬಲಗಡೆ, ಡ್ರೈವರನ ಮೂಗಿನ ನೇರಕ್ಕೆ ಕಟ್ಟಿಸುತ್ತಿದ್ದರು. ಅಷ್ಟುದ್ದ ಪೈಪನ್ನು ಬಾನೆಟ್ಟಿನ ಅಡಿಯಲ್ಲಿ ಬಿಸಿ ತಾಗದಂತೆ ಸುತ್ತಿಸಿ ತರುವುದು ನನ್ನ ಕರ್ಮ. ಒಮ್ಮೆ ತಡೆಯಲಾರದೆ ಕೇಳಿದೆ.

‘ಉಸ್ತಾದ್, ಎಡಗಡೆ ಕಟ್ಟಿದ್ರೆ ಬಾಟ್ಲಿ ಸುಳ್ಳು ಹೇಳ್ತದಾ?’

‘ಅವಂಗ ಕಾಣಬೇಕಲೇ’ ಅಂದರು. ಮುದುಕರ ಶಾಸ್ತ್ರ ಎಂದುಕೊಂಡು ಪೈಪು ಸುತ್ತಿದೆ.

ಉಸ್ತಾದರು ಅಂಗಡಿ ನನಗೆ ಬಿಟ್ಟು ತಮ್ಮೂರಿಗೆ ಹೋಗುವ ಮೊದಲೇ ನಾನು ಮಾಡಿದ ದೊಡ್ಡ ಎಡವಟ್ಟನ್ನು ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಇನ್ನೂ ಕೆಟ್ಟದಾಗಿರುತ್ತದೆ. ಹಳೆಯ ಪಂಪಿನ ಹಿಂದೆ ಒಂದು ಸ್ಕ್ರೂ ಇರುತ್ತಿತ್ತು, ಸೀಸದ ಸೀಲಿನ ಒಳಗೆ. ಅದನ್ನು ತಿರುಗಿಸಿದರೆ ಎಂಜಿನ್ನಿಗೆ ಹೆಚ್ಚು ಡೀಸೆಲ್ ಹೋಗುತ್ತದೆ, ಗಾಡಿ ಜೋರಾಗಿ ಎಳೆಯುತ್ತದೆ. ಸೀಲ್ ಒಡೆಯಬಾರದು ಎಂಬುದು ನಿಯಮ. ಜಲ್ಲಿ ಲಾರಿಯ ಡ್ರೈವರನೊಬ್ಬ ಬಂದು, ದೇವಿಮನೆ ಘಟ್ಟದಲ್ಲಿ ತನ್ನ ಲಾರಿಯನ್ನು ಸೈಕಲ್ಲಿನವನೂ ಹಿಂದೆ ಹಾಕುತ್ತಾನೆ, ಮಾನ ಉಳಿಸು ಎಂದು ಗೋಗರೆದ. ಉಸ್ತಾದರು ಊಟಕ್ಕೆ ಹೋಗಿದ್ದರು. ನಾನು ಸೀಲ್ ಒಡೆದು ಕಾಲು ಸುತ್ತು ತಿರುಗಿಸುವ ಬದಲು, ಪ್ರೀತಿ ಹೆಚ್ಚಾಗಿ ಪೂರಾ ಒಂದು ಸುತ್ತು ತಿರುಗಿಸಿದೆ.

ಮರುದಿನ ಬೆಳಿಗ್ಗೆ ಆ ಲಾರಿ ಘಟ್ಟ ಹತ್ತಿದ್ದನ್ನು ನೋಡಿದವರು ಇನ್ನೂ ಇದ್ದಾರೆ. ಎಳೆಯಿತು, ಇಲ್ಲವೆನ್ನುವುದಿಲ್ಲ. ಆದರೆ ಹೊಗೆ! ಅದರ ಹಿಂದೆಯೇ ಒಂದು ತೆರೆದ ಜೀಪಿನಲ್ಲಿ ಉಪನಯನಕ್ಕೆ ಹೊರಟ ಏಳು ಜನ, ಏಳೂ ಬಿಳಿ ಪಂಚೆ. ತಿರುವಿನ ಮೇಲೆ ತಿರುವು, ಮುಂದೆ ಹೋಗಲು ಜಾಗವಿಲ್ಲ. ಘಟ್ಟದ ತಲೆಗೆ ಬರುವಷ್ಟರಲ್ಲಿ ಯಾರು ಭಟ್ಟರು ಯಾರು ಡ್ರೈವರ್ ಎಂದು ಗುರುತಿಸಲು ಮಾತಾಡಿಸಿಯೇ ನೋಡಬೇಕಿತ್ತು. ಅವರು ಲಾರಿಯವನನ್ನು ಅಡ್ಡಹಾಕಿ, ಅವನಿಂದ ನನ್ನ ಹೆಸರು ಹಿಡಿದು, ಸಂಜೆ ವಾಪಸ್ ಬರುವಾಗ ಸೀದಾ ಅಂಗಡಿಗೇ ಬಂದರು. ಉಸ್ತಾದರು ಎಲೆ ಅಡಿಕೆ ಉಗಿದು ಬಂದು, ಅಷ್ಟೂ ಜನರ ಕಾಲಿಗೆ ಬೀಳುವುದೊಂದು ಬಾಕಿ. ಏಳು ಪಂಚೆಯನ್ನೂ ನನ್ನ ಕೈಯಲ್ಲೇ ಒಗೆಸಿದರು. ಮೂರು ಸೋಪು ಸವೆದರೂ ಅವು ಬೂದಿ ಬಣ್ಣದಿಂದ ಮೇಲೇಳಲಿಲ್ಲ.

‘ಶಕ್ತಿ ಬೇಕಂದ್ರ ಎಂಜಿನ್ ಡೀಸೆಲ್ ಕುಡೀಬೇಕು’ ಎಂದರು ಉಸ್ತಾದರು, ನಾನು ಪಂಚೆ ಹಿಂಡುವುದನ್ನು ನೋಡುತ್ತ. ‘ಕುಡೀಲಾರದೆ ಎಳೀತೈತಿ ಅಂತ ಯಾರರ ಹೇಳಿದ್ರ, ಅವನ ಮಾರಿಗೆ ಈ ಪಂಚೆ ಒಗಿ.’

ಜನರಿಗೆ ಮಾತ್ರ ಕುಡಿಸದೆ ಎಳೆಸುವ ಆಸೆ ಯಾವ ಕಾಲಕ್ಕೂ ಹೋಗಲಿಲ್ಲ. ಸಿದ್ದಾಪುರದ ಒಬ್ಬರು, ಮೇಷ್ಟರಾಗಿದ್ದವರು, ಯಾರೋ ಹೇಳಿದರೆಂದು ಜೀಪಿನ ಡೀಸೆಲ್ ಟ್ಯಾಂಕಿಗೆ ಡಾಮರ್ ಗುಳಿಗೆ ಹಾಕಿದರು, ಬಟ್ಟೆಗೆ ಹುಳ ಬೀಳದಂತೆ ಕಪಾಟಿನಲ್ಲಿಡುತ್ತಾರಲ್ಲ, ಅದೇ. ನಿಲ್ಕುಂದದ ಹತ್ತಿರ ಕಾಡಿನಲ್ಲಿ ಜೀಪು ನಿಂತಿತು. ನಾನು ಬಸ್ಸಿನಲ್ಲಿ ಹೋಗಿ ಫಿಲ್ಟರ್ ಬಿಚ್ಚಿದರೆ ನಮ್ಮಜ್ಜಿಯ ಟ್ರಂಕಿನ ವಾಸನೆ. ‘ಹುಳ ಅಂತೂ ಬೀಳಲಿಲ್ಲ ಅಲ್ವಾ ಸರ್’ ಅಂದೆ. ಅವರು ಆಮೇಲೆ ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ.

ಉಸ್ತಾದರು ಹೋದ ಮೇಲೆ ಅಂಗಡಿ ನನ್ನದಾಯಿತು, ಹೆಸರೂ ಬೆಳೆಯಿತು. ಇಮಾಮ್ ಸಾಬ್ರ ಕೈಯಲ್ಲಿ ಪಂಪ್ ಮಾಡಿಸಿದರೆ ಲೀಟರಿಗೆ ಒಂದು ಕಿಲೋಮೀಟರ್ ಹೆಚ್ಚು ಬರುತ್ತದೆ, ಅದು ಅವರ ಕೈಗುಣ ಎಂದು ಯಲ್ಲಾಪುರದಿಂದ ಸಿದ್ದಾಪುರದವರೆಗೆ ಮಾತಾಯಿತು. ನಾನು ಬೇಡವೆನ್ನಲಿಲ್ಲ. ಹುಲೇಕಲ್ಲಿನ ಮಾಬ್ಲಣ್ಣನಂಥವರು, ಜೀಪಿನ ಪಂಪ್ ಬಿಚ್ಚುವ ಕೆಲಸ ನನ್ನ ಹೊರತು ಇನ್ನೊಬ್ಬರಿಗೆ ಕೊಟ್ಟವರೇ ಅಲ್ಲ. ಬಾಟ್ಲಿ ಕಟ್ಟಿ ಓಡಿಸಿ ಬಂದು, ‘ಒಂದೂಕಾಲು ಹೆಚ್ಚು ಬಂತು’ ಎಂದು ಮಾಬ್ಲಣ್ಣ ಹೇಳಿದಾಗ ನನಗೆ ಆಗುತ್ತಿದ್ದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮನೆಗೆ ಹೋಗಿ ಹೆಂಡತಿಗೆ ಹೇಳುತ್ತಿದ್ದೆ. ಅವಳು, ‘ಹಾಗಾದ್ರೆ ಆ ಕೈಯಲ್ಲಿ ಮಿಕ್ಸರ್ ಒಂದು ಸರಿ ಮಾಡಿ’ ಅನ್ನುತ್ತಿದ್ದಳು.

ಆಮೇಲೆ ಕಂಪ್ಯೂಟರಿನ ಎಂಜಿನ್ನುಗಳು ಬಂದವು. ಸ್ಕ್ರೂ ಇಲ್ಲ, ಸೀಲ್ ಇಲ್ಲ, ತಿರುಗಿಸಲು ಏನೂ ಇಲ್ಲ. ಎಷ್ಟು ಡೀಸೆಲ್ ಕೊಡಬೇಕೆಂದು ಒಂದು ಡಬ್ಬಿ ತೀರ್ಮಾನಿಸುತ್ತದೆ. ನನ್ನ ಗಾಜಿನ ಕೊಳವೆಗಳ ಬೆಂಚು ಚಹಾದ ಲೋಟ ಇಡುವ ಜಾಗವಾಯಿತು.

ಅಂಗಡಿ ಬಿಡಲು ಇನ್ನು ಕೆಲವೇ ತಿಂಗಳಿದ್ದಾಗ ಗಫಾರ್ ಬಂದ. ಯಲ್ಲಾಪುರದವನು, ನನ್ನನ್ನು ಚಾಚಾ ಎನ್ನುತ್ತಾನೆ. ಅಂಕೋಲೆಯಿಂದ ಪಿಕಪ್ಪಿನಲ್ಲಿ ಮೀನು ತುಂಬಿಕೊಂಡು, ಅರಬೈಲ್ ಘಟ್ಟ ಹತ್ತಿ, ಯಲ್ಲಾಪುರಕ್ಕೂ ಶಿರಸಿಗೂ ಹಾಕುವುದು ಅವನ ಉದ್ಯೋಗ. ಮಂಜುಗಡ್ಡೆ ಕರಗುವ ಮುಂಚೆ ಮುಟ್ಟಬೇಕು. ಅವನ ಎಂಜಿನ್ನಿನ ಪಕ್ಕದಲ್ಲಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಕಪ್ಪು ಡಬ್ಬಿ, ಅದರಲ್ಲಿ ಒಂದು ನೀಲಿ ದೀಪ.

‘ಚಿಪ್ ಹಾಕ್ಸಿದೆ ಚಾಚಾ. ಎಂತ ಎಳೀತದೆ ಗೊತ್ತಾ! ಅರಬೈಲಲ್ಲಿ ಎರಡನೇ ಗೇರಿಗೆ ಬೀಳ್ತಿದ್ದದ್ದು ಈಗ ಮೂರರಲ್ಲೇ ಹತ್ತತದೆ.’

‘ಮತ್ತೆ ಮುಖ ಯಾಕೆ ಹಾಗಿದೆ?’

‘ಇದಕ್ಕೆ ಆ ದುಬಾರಿ ಡೀಸೆಲ್ಲೇ ಹಾಕ್ಬೇಕಂತೆ. ಬರೇ ಡೀಸೆಲ್ ಹಾಕಿ ಎಂಜಿನ್ ಹೋದ್ರೆ ನಾವು ಜವಾಬ್ದಾರರಲ್ಲ ಅಂತ ಚಿಪ್ ಮಾರ್ದವ್ರು ಹೇಳಿದ್ರು. ದಿನಾ ಅದೇ ತುಂಬ್ಸಿ ತುಂಬ್ಸಿ ಮೀನಿನ ಲಾಭ ಎಲ್ಲಾ ಟ್ಯಾಂಕಿಗೇ ಹೋಗ್ತಾ ಇದೆ. ಆವರೇಜ್ ಹೆಚ್ಚಾಗ್ತದೆ, ಅದ್ರಲ್ಲೇ ಹುಟ್ಟತದೆ ಅಂತಾರೆ. ಹೌದಾ ಚಾಚಾ? ಇಡ್ಲಾ, ತೆಗೀಲಾ?’

ನಾನು ಡಬ್ಬಿಯನ್ನು ನೋಡಿ ನಕ್ಕುಬಿಟ್ಟೆ. ಅದು ಮಾಡುವುದಿಷ್ಟೆ: ಡೀಸೆಲ್ಲಿನ ಒತ್ತಡ ಕಡಿಮೆ ಇದೆ ಎಂದು ಎಂಜಿನ್ನಿನ ಕಂಪ್ಯೂಟರಿಗೆ ಸುಳ್ಳು ಹೇಳುತ್ತದೆ. ಅದು ನಂಬಿ ಇನ್ನಷ್ಟು ಒತ್ತಿ ಕಳಿಸುತ್ತದೆ. ನಾನು ಊಟದ ಹೊತ್ತಿನಲ್ಲಿ ತಿರುಗಿಸಿದ ಅದೇ ಸ್ಕ್ರೂ, ಈಗ ನೀಲಿ ದೀಪ ಹಚ್ಚಿಕೊಂಡು ಬಂದಿದೆ. ದುಬಾರಿ ಡೀಸೆಲ್ಲಿನಲ್ಲಿ ಡೀಸೆಲ್ ಚಿಮ್ಮುವ ನಳಿಕೆಯನ್ನು ಚೊಕ್ಕ ಇಡುವ ಔಷಧಿ ಇರುತ್ತದೆ, ಒಳ್ಳೆಯದೇ, ಆದರೆ ಔಷಧಿ ಕುಡಿದವನು ಅನ್ನ ಕಡಿಮೆ ಉಣ್ಣುವುದಿಲ್ಲ. ಇದನ್ನೆಲ್ಲ ಹೇಳಿದೆ.

ಗಫಾರ್ ನೆಲ ನೋಡಿದ. ‘ಆದ್ರೆ ಚಾಚಾ, ಅವ್ರು ನಿಮ್ ಬಾಟ್ಲೀನೇ ಕಟ್ಟಿ ತೋರ್ಸಿದ್ರು.’

ಚಿಪ್ ಮಾರುವವನು ಕಪ್ಪು ಕನ್ನಡಕದ ಹುಬ್ಬಳ್ಳಿಯ ಹುಡುಗ. ಯಲ್ಲಾಪುರದ ಪಿಕಪ್ ಸ್ಟ್ಯಾಂಡಿನಲ್ಲಿ ಎಲ್ಲರ ಎದುರಿಗೆ, ಬಾಟ್ಲಿಯ ಬದಲು ಡೀಸೆಲ್ ಕ್ಯಾನು ಕಟ್ಟಿ, ಚಿಪ್ ಹಾಕಿ, ದುಬಾರಿ ಡೀಸೆಲ್ ತುಂಬಿ, ಗಫಾರನ ಕೈಯಲ್ಲೇ ಓಡಿಸಿದ್ದಾನೆ. ಲೀಟರಿಗೆ ಒಂದು ಕಿಲೋಮೀಟರಿಗಿಂತ ಹೆಚ್ಚೇ ಬಂದಿದೆ. ‘ನಿಮ್ಮ ಪಂಪ್ ಮೇಸ್ತ್ರಿ ಕೈಗುಣದಲ್ಲಿ ಬರೋದು ಈ ಡಬ್ಬೀಲಿ ಬರ್ತದೆ’ ಎಂದನಂತೆ. ಸ್ಟ್ಯಾಂಡಿನವರು ನಕ್ಕರಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಗಫಾರನ ಡೀಸೆಲ್ ಖರ್ಚಿನ ಚಿಂತೆ ಅಲ್ಲಿಗೇ ಮರೆತೆ, ನನ್ನ ಹೆಸರೊಂದೇ ತಲೆಯಲ್ಲಿ ಕೂತಿತು.

ಮೊದಲು ಗಫಾರನ ಜೊತೆ ಅರಬೈಲಿಗೆ ಹೋಗಿ ಕೂತು ನೋಡಿದೆ. ಮೀನಿನ ಪೂರ್ತಿ ಲೋಡು. ಸುಳ್ಳು ಹೇಳಬಾರದು, ಎಳೆಯಿತು. ಮೂರನೇ ಗೇರಿನಲ್ಲೇ, ಗುದ್ದಿಕೊಂಡು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳೂ ಅಷ್ಟೇ ಉತ್ಸಾಹದಿಂದ ಏರಿತು. ಮೂರು ತಿರುವು ಹೀಗೆ ಹಾರಿ, ನಾಲ್ಕನೆಯದರಲ್ಲಿ ಒಂದು ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡೆವು. ಅದರ ಮುಂದೆ ಇನ್ನೊಂದು, ಅದರ ಮುಂದೆ ಒಂದು ಕಂಟೇನರು. ಘಟ್ಟದ ತುದಿಯವರೆಗೆ ಚಿಪ್ ಇಲ್ಲದ ಪಿಕಪ್ಪುಗಳೂ ಚಿಪ್ ಇದ್ದ ನಾವೂ ಒಂದೇ ಸಾಲಿನಲ್ಲಿ, ಶವಯಾತ್ರೆಯ ವೇಗದಲ್ಲಿ ಹತ್ತಿದೆವು.

‘ದಿನಾ ಹೀಗೇನಾ?’ ಎಂದೆ.

‘ದಿನಾ ಹೀಗೇ ಚಾಚಾ’ ಎಂದ.

ಆವರೇಜಿನ ಪರೀಕ್ಷೆಗೆ ನಾನು ಸ್ವಲ್ಪ ಕಳ್ಳಬುದ್ಧಿ ಮಾಡಿದೆ. ಶಿರಸಿಯಿಂದ ಯಲ್ಲಾಪುರಕ್ಕೆ, ಒಂದೇ ತೂಕದ ಲೋಡಿನಲ್ಲಿ, ನಾಲ್ಕು ದಿನ ನಾಲ್ಕು ಸಲ. ಹೊಸ ಪಂಪುಗಳು ಖಾಲಿ ಓಡಿದರೆ ಕೆಡುತ್ತವೆ, ಹಾಗಾಗಿ ನಿಲ್ಲುವವರೆಗೆ ಓಡಿಸುವ ಹಾಗಿಲ್ಲ. ಕ್ಯಾನಿಗೆ ಎರಡು ಪೈಪು ಕೊಟ್ಟು, ಡೀಸೆಲ್ ಹೋಗಲು ಒಂದು, ಉಳಿದದ್ದು ವಾಪಸ್ ಬರಲು ಒಂದು, ಹೊರಡುವ ಮೊದಲು ಮತ್ತು ಬಂದ ಮೇಲೆ ಗಫಾರನ ಮೀನಿನ ತಕ್ಕಡಿಯಲ್ಲೇ ಅದನ್ನು ತೂಗಿದೆ. ನಾಲ್ಕೂ ಸಲ ಅವನಿಗೆ ಹೇಳಿದ್ದು ಒಂದೇ: ಚಿಪ್ ಇದೆ, ದುಬಾರಿ ಡೀಸೆಲ್ ಇದೆ. ನಿಜವಾಗಿ ಎರಡು ಸಲ ಚಿಪ್ಪಿನ ವೈರು ಬಿಡಿಸಿ, ನೀಲಿ ದೀಪ ಮಾತ್ರ ಉರಿಯುವಂತೆ ಬಿಟ್ಟಿದ್ದೆ. ಎರಡು ಸಲ ಕ್ಯಾನಿನಲ್ಲಿದ್ದದ್ದು ಮಾಮೂಲಿ ಡೀಸೆಲ್. ಚಿಪ್ಪೂ ಇಲ್ಲದ, ದುಬಾರಿಯೂ ಅಲ್ಲದ ದಿನ ಅವನು ಇಳಿದು ಬಂದು ನನ್ನ ಕೈ ಹಿಡಿದುಕೊಂಡ.

‘ಇವತ್ತು ಎಲ್ಲಾ ದಿನಕ್ಕಿಂತ ಜಾಸ್ತಿ ಎಳೀತು ಚಾಚಾ. ದುಬಾರಿ ದುಬಾರೀನೇ!’

ತಕ್ಕಡಿಯಲ್ಲಿ ನಾಲ್ಕೂ ದಿನದ್ದು ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಒಂದು ಬಂಗಡೆ ಮೀನಿನಷ್ಟು. ಐದನೆಯ ಸಲ ಅವನಿಗೆ ಏನೂ ಹೇಳಲಿಲ್ಲ. ಕ್ಯಾನು ಬಿಚ್ಚಿ, ಪರೀಕ್ಷೆ ಮುಗಿಯಿತು ಎಂದು, ಟ್ಯಾಂಕು ಬಾಯಿವರೆಗೆ ತುಂಬಿಸಿ, ಅದೇ ಲೋಡು ಕೊಟ್ಟು ಯಲ್ಲಾಪುರಕ್ಕೆ ಕಳಿಸಿದೆ. ವಾಪಸ್ ಬಂದ ಮೇಲೆ ಮತ್ತೆ ಬಾಯಿವರೆಗೆ ತುಂಬಿಸಿ ನೋಡಿದರೆ, ಲೀಟರಿಗೆ ಒಂದು ಕಿಲೋಮೀಟರಿಗೂ ಮೀರಿ ಇಳಿದುಹೋಗಿತ್ತು! ಆ ದಿನ ಚಿಪ್ಪೂ ಇತ್ತು, ದುಬಾರಿಯೂ ಇತ್ತು. ಇಲ್ಲದಿದ್ದದ್ದು ಕ್ಯಾನು ಒಂದೇ. ಕ್ಯಾನು ಕಟ್ಟಿದ ದಿನ ಗಫಾರ್ ಹಾಜಿಯ ಹಾಗೆ ಓಡಿಸಿದ್ದ. ಗೇರು ಮೆತ್ತಗೆ, ಬ್ರೇಕು ಮೆತ್ತಗೆ, ಕಾಲು ಮೊಟ್ಟೆಯ ಮೇಲಿಟ್ಟಂತೆ. ಕ್ಯಾನು ಬಿಚ್ಚಿದ್ದೇ ತಡ, ಹಳೆಯ ಗಫಾರ್.

ನಾನು ಗೆದ್ದೆ. ಗೆದ್ದದ್ದನ್ನು ಸುಮ್ಮನೆ ಇಟ್ಟುಕೊಳ್ಳುವ ಜಾತಿ ನಾನಲ್ಲ. ಅಂಗಡಿಯೊಳಗೆ ಹತ್ತು ಹನ್ನೆರಡು ಡ್ರೈವರುಗಳನ್ನು ಸೇರಿಸಿ, ಚಹಾ ಹೇಳಿ, ಗಫಾರನನ್ನೂ ಕೂರಿಸಿ, ಇಡೀ ಕತೆ ಬಿಚ್ಚಿದೆ. ಗಫಾರನ ಮುಖ ಮೊದಲು ಕೆಂಪಾಯಿತು, ಆಮೇಲೆ ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ. ‘ಆವರೇಜ್ ಡಬ್ಬಿಯಲ್ಲೂ ಇಲ್ಲ, ದುಬಾರಿ ಡೀಸೆಲ್ಲಲ್ಲೂ ಇಲ್ಲ’ ಎಂದು ನಾನು ಭಾಷಣ ಮುಗಿಸಿದೆ. ‘ಬಾಟ್ಲಿ ಕಂಡ ಕೂಡ್ಲೆ ಡ್ರೈವರನ ಕಾಲು ಸರಿಯಾಗ್ತದೆ. ಅವನು ಮಾರಿದ್ದು ನಿಮ್ಮ ಕಾಲನ್ನೇ, ನಿಮಗೇ!’

ಹುಲೇಕಲ್ಲಿನ ಮಾಬ್ಲಣ್ಣ ಮೂಲೆಯ ಸ್ಟೂಲಿನಲ್ಲಿ ಕೂತು ಚಹಾ ಊದುತ್ತಿದ್ದ. ಬೇರೆಯವರ ಹತ್ತಿರ ಪೇಟೆಯ ಕನ್ನಡ ಆಡುವ ಅವನು ನನ್ನ ಹತ್ತಿರ ಮಾತ್ರ ಮನೆಮಾತಿನಲ್ಲೇ ಮಾತಾಡುತ್ತಾನೆ, ‘ನಾನು’ ಹೋಗಿ ‘ಆನು’ ಆಗುತ್ತದೆ, ಅಷ್ಟು ವರ್ಷದ ಸಲಿಗೆ.

‘ಮೇಸ್ತ್ರಿ, ಆನೊಂದು ಕೇಳ್ತೆ, ಬೇಜಾರು ಮಾಡ್ಕಳಡ’ ಎಂದ. ‘ನೀನು ಪಂಪ್ ಬಿಚ್ಚಕಿಂತ ಮೊದ್ಲು ಎನ್ನ ಜೀಪಿಗೆ ಯಾವತ್ತೂ ಬಾಟ್ಲಿ ಕಟ್ಟಿದ್ದಿಲ್ಲೆ. ಮೊದ್ಲಿಂದು ಟ್ಯಾಂಕಿನ ಲೆಕ್ಕ, ಬಾಟ್ಲಿ ರಿಪೇರಿ ಆದ್ಮೇಲಷ್ಟೇ ಕಟ್ಟಿದ್ದು. ಬಾಟ್ಲಿ ಕಟ್ಟಿದ ದಿನ ಆನೂ ಮೆತ್ತಗೇ ಹೊಡೆದಿದ್ದೆ. ಹಂಗಾರೆ ಆ ಒಂದೂಕಾಲು ಕಿಲೋಮೀಟ್ರು ನಿನ್ನ ಕೈಯಿಂದಾ, ಎನ್ನ ಕಾಲಿಂದಾ?’

ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿಯಬೇಕಿತ್ತು ಅಷ್ಟೆ.

ಯಾರೂ ನಗಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. ನಾನು ಲೋಟ ಎತ್ತಿಕೊಂಡೆ, ಅದರಲ್ಲಿ ಚಹಾ ಇರಲಿಲ್ಲ. ‘ಗೊತ್ತಿಲ್ಲ ಮಾಬ್ಲಣ್ಣ’ ಎಂದೆ. ನಲವತ್ತೊಂದು ವರ್ಷದಲ್ಲಿ ಆ ಬೆಂಚಿನ ಮುಂದೆ ನಿಂತು ನಾನು ಆ ಮಾತು ಹೇಳಿದ್ದು ಅದೇ ಮೊದಲು. ಕೆಟ್ಟ ಪಂಪನ್ನು ನಾನು ಸರಿಮಾಡಿದ್ದೇನೆ, ಅದು ಸುಳ್ಳಲ್ಲ. ಆದರೆ ಯಲ್ಲಾಪುರದಿಂದ ಸಿದ್ದಾಪುರದವರೆಗೆ ಹಬ್ಬಿದ್ದ ಆ ಒಂದು ಕಿಲೋಮೀಟರ್ ಇತ್ತಲ್ಲ, ಅದರಲ್ಲಿ ನನ್ನದೆಷ್ಟು ಎಂದು ತೂಗಲು ಈಗ ಯಾವ ತಕ್ಕಡಿಯೂ ಇಲ್ಲ. ಆ ವಾರ ನಾನು ಸರಿಯಾಗಿ ಊಟ ಮಾಡಲಿಲ್ಲ. ಕನ್ನಡಕದ ಹುಡುಗನನ್ನು ಬೈಯಲು ಬಾಯಿ ತೆರೆದರೆ ನನ್ನದೇ ಮುಖ ಎದುರಿಗೆ ಬರುತ್ತಿತ್ತು. ನಾಚಿಕೆಯಾಯಿತು, ಬೇರೆ ಹೆಸರಿಲ್ಲ ಅದಕ್ಕೆ.

ಆ ವಾರ ಕಳೆದ ಮೇಲೆ ಗಫಾರ್ ಮೀನು ಇಳಿಸಿ ಅಂಗಡಿಗೆ ಬಂದ. ಬಾನೆಟ್ ಎತ್ತಿ ನಿಲ್ಲಿಸಿದ.

‘ಡಬ್ಬಿ ತೆಗೀರಿ ಚಾಚಾ. ಬರೇ ಡೀಸೆಲ್ಲೇ ಸಾಕು. ಮತ್ತೆ ಆ ಬಾಟ್ಲಿ ಒಂದು ಕಟ್ಟಿಕೊಡಿ.’

‘ಬಾಟ್ಲಿ ಯಾಕೆ? ಇನ್ನೆಂತ ಪರೀಕ್ಷೆ?’

‘ಪರೀಕ್ಷೆ ಇಲ್ಲ. ಖಾಲೀನೇ ಇರ್ಲಿ. ಪೈಪೂ ಬೇಡ. ಅದು ನೇತಾಡ್ತಾ ಇದ್ರೆ ನನ್ ಕಾಲು ಮಾತು ಕೇಳ್ತದೆ.’

‘ಖಾಲಿ ಅಂತ ನಿಂಗೆ ಗೊತ್ತಿರ್ತದಲ್ಲ ಮಾರಾಯ.’

‘ಗೊತ್ತಿದ್ರೂ ಕೇಳ್ತದೆ ಚಾಚಾ. ನೋಡ್ತಾ ಇರಿ’ ಎಂದ.

ಡಬ್ಬಿ ತೆಗೆದು ಅವನ ಕೈಗಿಟ್ಟೆ. ನೀಲಿ ದೀಪ ಆರಿತು. ಅಟ್ಟದಿಂದ ಉಸ್ತಾದರ ಕಾಲದ ಗ್ಲೂಕೋಸ್ ಬಾಟ್ಲಿ ಇಳಿಸಿ, ಒರೆಸಿ, ಕೈಗೆ ಹತ್ತಿರವಾಯಿತೆಂದು ಎಡಗನ್ನಡಿಯ ಸರಳಿಗೆ ಕಟ್ಟತೊಡಗಿದೆ. ಒಂದು ಗಂಟು ಹಾಕಿದ್ದೆ. ಆಗ ಕೆಂಪು ಬಾಯಿಯ ಆ ಮಾತು ಕಿವಿಯಲ್ಲಿ ಕೇಳಿಸಿತು, ಅವಂಗ ಕಾಣಬೇಕಲೇ. ಎಡಗಡೆ ಒಂದು ಮೊಳ ಪೈಪು ಸಾಕಾಗುತ್ತಿದ್ದರೂ ನನ್ನಿಂದ ಬಾನೆಟ್ಟಿನ ಅಡಿ ಸುತ್ತು ಹಾಕಿಸುತ್ತಿದ್ದ ಆ ಮುದುಕನಿಗೆ ಎಲ್ಲಾ ಗೊತ್ತಿತ್ತು. ನನಗೆ ಬಾಯಿಬಿಟ್ಟು ಹೇಳಲೂ ಇಲ್ಲ. ಎಲ್ಲಿದ್ದಾರೋ ಅಲ್ಲಿ ನಗುತ್ತಿರಬೇಕು.

ಗಂಟು ಬಿಚ್ಚಿದೆ. ಪಿಕಪ್ಪನ್ನು ಸುತ್ತಿ ಬಲಗಡೆಗೆ ಬಂದು, ಗಫಾರನನ್ನು ಸೀಟಿನಲ್ಲಿ ಕೂರಿಸಿ, ಅವನ ಮೂಗಿನ ನೇರಕ್ಕೆ ಅಳತೆ ನೋಡಿ ಬಾಟ್ಲಿ ಕಟ್ಟಿದೆ.

‘ಕಾಣ್ತದಾ?’ ಎಂದೆ.

‘ಕಾಣ್ತದೆ ಚಾಚಾ’ ಎಂದು ಅವನು ಮೆತ್ತಗೆ ಗೇರು ಹಾಕಿದ.